ಹಳೆಯ ಮನೆ ಕಚೇರಿಯಾಗಲಿ, ಆದರೆ ಜಂತಿ ನೋಡಿ ಕೆಲಸ ಶುರುವಾಗಲಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳ ಗೇಟಿನಲ್ಲಿ ಈಗ ಲೆಕ್ಕಪರಿಶೋಧಕರ, ವಕೀಲರ, ಸಾಫ್ಟ್‌ವೇರ್ ಕಂಪನಿಗಳ ಬೋರ್ಡುಗಳು ಕಾಣುತ್ತಿವೆ. ಮೈಸೂರಿನ ಅಗ್ರಹಾರಗಳಲ್ಲೂ ಇದೇ ನಡೆದಿದೆ. ಹಳೆಯ ಕಟ್ಟಡಗಳ ದುರಸ್ತಿಯಲ್ಲೇ ತೊಡಗಿರುವ ನಮಗೆ ಇದು ಸಂತೋಷದ ಸಂಗತಿ. ನಾಲ್ಕೈದು ವಾರಸುದಾರರ ನಡುವೆ ಬೀಗ ಬಿದ್ದ ಮನೆ, ಜನ ಓಡಾಡುವ ಮನೆಗಿಂತ ಬೇಗ ಹಾಳಾಗುತ್ತದೆ. ತಾರಸಿಯ ನೀರಿನ ಕಂಡಿಗೆ ಎಲೆ ಕಟ್ಟಿದರೆ ತೆಗೆಯುವವರಿಲ್ಲ, ಪ್ಯಾರಪೆಟ್ಟಿನಲ್ಲಿ ಅರಳಿ ಗಿಡ ಹುಟ್ಟಿದರೆ ಕೇಳುವವರಿಲ್ಲ. ಕಚೇರಿಯ ಬಾಡಿಗೆ ಬಂದರೆ ಸುಣ್ಣ ಬಳಿಯುವ ಖರ್ಚಾದರೂ ಹುಟ್ಟುತ್ತದೆ.

ನಮ್ಮ ಆತಂಕವೆಲ್ಲ ಬಾಡಿಗೆ ಕರಾರಿಗೂ ಕಚೇರಿ ಶುರುವಾಗುವ ದಿನಕ್ಕೂ ನಡುವಿನ ಒಂದೂವರೆ ತಿಂಗಳಿನ ಬಗ್ಗೆ. ನೂರು ವರ್ಷ ಮಳೆ ಬಿಸಿಲು ತಡೆದ ಮನೆಗೆ ಆ ಒಂದೂವರೆ ತಿಂಗಳಲ್ಲಿ ಆಗುವ ಪೆಟ್ಟು, ಆಮೇಲಿನ ಹತ್ತು ವರ್ಷದ ಬಳಕೆಯಲ್ಲೂ ಆಗುವುದಿಲ್ಲ. ಇಂಟೀರಿಯರ್ ಗುತ್ತಿಗೆದಾರರಿಗೆ ಅಪಾರ್ಟ್‌ಮೆಂಟಿನ ಕಾಂಕ್ರೀಟ್ ಚೌಕಟ್ಟು ಗೊತ್ತು. ಅಲ್ಲಿ ಗೋಡೆ ಎಂದರೆ ಬರೀ ಮರೆ, ಭಾರವೆಲ್ಲ ಪಿಲ್ಲರಿನದು. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ, ಬಸವನಗುಡಿ ಮಲ್ಲೇಶ್ವರಗಳು ಬೆಳೆದದ್ದು 1898ರ ಪ್ಲೇಗಿನ ನಂತರ. ಆ ಕಾಲದ ಮನೆಗಳಲ್ಲಿ ಕಾಂಕ್ರೀಟ್ ಪಿಲ್ಲರ್ ಎಂಬುದೇ ಇಲ್ಲ. ತಾರಸಿಯ ಭಾರ ಅದರ ಕೆಳಗೆ ಸಾಲಾಗಿ ಕೂರಿಸಿದ ಮರದ ಅಡ್ಡಪಟ್ಟಿಗೆ, ಅಂದರೆ ಜಂತಿಗೆ, ಜಂತಿಯದು ಗೋಡೆಗೆ ಅಥವಾ ದಪ್ಪ ತೊಲೆಗೆ, ತೊಲೆಯದು ಕಂಬಕ್ಕೆ, ಎಲ್ಲದರದೂ ಕಲ್ಲಿನ ತಳಪಾಯಕ್ಕೆ. ಯಾವ ಗೋಡೆ ಏನು ಹೊತ್ತಿದೆ ಎಂದು ನೋಡದೆ ಸುತ್ತಿಗೆ ಎತ್ತುವಂತಿಲ್ಲ.

ಎಲ್ಲರೂ ಮೊದಲು ತಿಳಿಯಬೇಕಾದ್ದು ಮದ್ರಾಸ್ ತಾರಸಿ. ಈ ಮನೆಗಳಲ್ಲಿ ಮಾಳಿಗೆಯ ನೆಲವೂ ಮೇಲಿನ ತಾರಸಿಯೂ ಬಹುಪಾಲು ಇದೇ ಬಗೆಯವು. ಒಂದೂವರೆಯಿಂದ ಎರಡು ಅಡಿಗೊಂದರಂತೆ ತೇಗದ ಜಂತಿ ಕೂರಿಸುತ್ತಾರೆ. ಅದರ ಮೇಲೆ ಸುಮಾರು ಆರು ಇಂಚು ಉದ್ದ, ಮೂರು ಇಂಚು ಅಗಲ, ಒಂದು ಇಂಚು ದಪ್ಪದ ತೆಳು ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಮೂಲೆಯಿಂದ ಓರೆಯಾಗಿ ಸಾಲು ಹಿಡಿದು ಕಟ್ಟುತ್ತಾರೆ. ಅದು ಬಿಗಿದುಕೊಂಡ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಮಿಶ್ರಣವನ್ನು ಮೂರ್ನಾಲ್ಕು ಇಂಚು ಹಾಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ, ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಾರೆ. ಬಡಿಗೆ ಪುಟಿದು ವಾಪಸು ಬರುವಷ್ಟು ಗಟ್ಟಿಯಾದಾಗ ಮೇಲೆ ಚಪ್ಪಟೆ ಬಿಲ್ಲೆ ಕೂರಿಸಿ ಸಂದು ತುಂಬುತ್ತಾರೆ. ಇಷ್ಟರ ಸ್ವಂತ ತೂಕವೇ ಒಂದು ಚದರ ಮೀಟರಿಗೆ 350 ಕಿಲೋ ಆಸುಪಾಸು. ಜಂತಿ ಇದನ್ನು ಹಗಲು ರಾತ್ರಿ ಹೊತ್ತೇ ನಿಂತಿರುತ್ತದೆ.

ಮನೆಯ ನೆಲದ ಮೇಲೆ ಜನ, ಸಾಮಾನು ಸೇರಿ ಚದರ ಮೀಟರಿಗೆ 200 ಕಿಲೋ ಎಂದು ಲೆಕ್ಕ ಹಿಡಿಯುವುದು ಕಟ್ಟಡದ ಹೊರೆಗಳ ಬಗೆಗಿನ ಇಂದಿನ ಭಾರತೀಯ ಮಾನಕ 875ರ ಎರಡನೇ ಭಾಗದ ಕ್ರಮ. ಕಡತಗಳಿಗೆ ಬೇರೆ ಕೋಣೆ ಇರುವ ಕಚೇರಿಗೆ ಇದು 250, ಕಡತಗಳೂ ಅದೇ ಕೋಣೆಯಲ್ಲಿದ್ದರೆ 400, ಕಡತಗಳದೇ ಕೋಣೆಯಾದರೆ 500 ಕಿಲೋ. ಅಂದರೆ ಮಲಗುವ ಕೋಣೆಯನ್ನು ರೆಕಾರ್ಡ್ ರೂಮ್ ಮಾಡಿದರೆ ಹೊರೆ ಎರಡೂವರೆ ಪಟ್ಟು. ಒತ್ತಾಗಿ ಜೋಡಿಸಿದ ಎ4 ಕಡತಗಳು ಒಂದು ಮೀಟರ್ ಉದ್ದಕ್ಕೆ 40 ಕಿಲೋ ತೂಗುತ್ತವೆ. ಐದು ಅಂತಸ್ತಿನ ಕಬ್ಬಿಣದ ರ್‍ಯಾಕಿನಲ್ಲಿ ಮೀಟರಿಗೆ 200 ಕಿಲೋ ಆಯಿತು. ರ್‍ಯಾಕಿನ ಆಳ ಒಂದಡಿಯಷ್ಟೇ ಇರುವುದರಿಂದ ಈ ತೂಕವೆಲ್ಲ ಒಂದೋ ಎರಡೋ ಜಂತಿಯ ನಡುಬೆನ್ನಿನ ಮೇಲೆ ಕೂರುತ್ತದೆ. ಯುಪಿಎಸ್ ಬ್ಯಾಟರಿಯದು ಇನ್ನೂ ಕಷ್ಟ. 150 ಎಎಚ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿ 55ರಿಂದ 60 ಕಿಲೋ. ಎಂಟು ಬ್ಯಾಟರಿಯ ಸ್ಟ್ಯಾಂಡ್ ಮಾಳಿಗೆಯ ಮೂಲೆಯಲ್ಲಿ ಇಟ್ಟರೆ ಅರ್ಧ ಚದರ ಮೀಟರಿನಲ್ಲಿ ಅರ್ಧ ಟನ್. ಕಡತ, ಬ್ಯಾಟರಿ, ತಿಜೋರಿ, ಝೆರಾಕ್ಸ್ ಯಂತ್ರ ಕೆಳಗೆ, ನೆಲಮಟ್ಟದ ಕೋಣೆಗಳಲ್ಲೇ ಇರಲಿ. ಮಾಳಿಗೆಗೆ ಮೇಜು, ಕುರ್ಚಿ, ಲ್ಯಾಪ್‌ಟಾಪು ಹೋಗಲಿ. ಮಾಳಿಗೆಯಲ್ಲಿ ಕಪಾಟು ಇಡಲೇಬೇಕೆಂದರೆ ಗೋಡೆಗೆ ಒತ್ತಿ, ಜಂತಿಗಳಿಗೆ ಅಡ್ಡಲಾಗಿ, ಅಂದರೆ ಒಂದೇ ಕಪಾಟಿನ ಕೆಳಗೆ ಮೂರ್ನಾಲ್ಕು ಜಂತಿ ಬರುವಂತೆ ಇಡಬೇಕು.

ಇನ್ನು ತಾರಸಿಯ ಮೇಲಿನ ನೀರಿನ ಟ್ಯಾಂಕು. ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ತುಂಬಿದಾಗ ಒಂದು ಟನ್, ಅದು ಕೂರುವ ಜಾಗ ಒಂದು ಚದರ ಮೀಟರಿಗಿಂತ ಹೆಚ್ಚಿಲ್ಲ. ಇಪ್ಪತ್ತು ಜನರ ಕಚೇರಿ ಎಂದು ಇಂಥ ಎರಡು ಟ್ಯಾಂಕುಗಳನ್ನು ಅಕ್ಕಪಕ್ಕ ಇಟ್ಟಿರುತ್ತಾರೆ. ಟ್ಯಾಂಕಿಗೆ ಹಿತ್ತಲಿನಲ್ಲಿ ಬೇರೆಯೇ ಕಬ್ಬಿಣದ ಸ್ಟ್ಯಾಂಡ್ ಕಟ್ಟಿಸಿ, ಅದರ ಕಾಲುಗಳು ನೆಲದಲ್ಲಿ ಇರಲಿ. ಜಾಗವಿಲ್ಲದಿದ್ದರೆ ನೆಲದ ಸಂಪಿನಿಂದ ಸಣ್ಣ ಪ್ರೆಷರ್ ಪಂಪ್ ಸಾಕು.

ತಾರಸಿ ಸೋರಿದಾಗ ನಮ್ಮ ಊರಿನಲ್ಲಿ ಮಾಡುವ ಒಂದೇ ಮದ್ದು, ಹಳೆಯದರ ಮೇಲೆ ಎರಡಿಂಚು ಸಿಮೆಂಟು ಹಾಸುವುದು. ಎರಡಿಂಚು ಸಿಮೆಂಟು ಚದರ ಮೀಟರಿಗೆ ನೂರು ಕಿಲೋ ಮೀರುತ್ತದೆ. ಹತ್ತು ವರ್ಷದ ಮೇಲೆ ಅದೂ ಬಿರಿಯುತ್ತದೆ, ಇನ್ನೊಂದು ಪದರ ಬೀಳುತ್ತದೆ. ಮೂರು ಪದರ ಹೊತ್ತ ತಾರಸಿಗಳೂ ಇವೆ. ಆ ಹೊತ್ತಿಗೆ ಜಂತಿಯ ಮೇಲೆ ಮೂಲ ಲೆಕ್ಕದ ಸುಮಾರು ಎರಡು ಪಟ್ಟು ನಿಂತ ಭಾರ. ನೀರು ಮಾತ್ರ ಸಿಮೆಂಟಿನ ಕೆಳಗೆ, ಸುಣ್ಣದ ಪದರದಲ್ಲಿ ಸಿಕ್ಕಿಕೊಂಡು ಒಣಗಲಾರದೆ ಜಂತಿಗೇ ಇಳಿಯುತ್ತದೆ. ಸರಿಯಾದ ಕ್ರಮವೆಂದರೆ ಆ ಸಿಮೆಂಟು ಪದರಗಳನ್ನು ಕೈ ಉಳಿಯಿಂದಲೇ ಕಿತ್ತು ಹಾಕುವುದು (ಬ್ರೇಕರ್ ಯಂತ್ರ ಹಚ್ಚಿದರೆ ಕೆಳಗಿನ ಇಟ್ಟಿಗೆ ಸಾಲು ಸಡಿಲವಾಗುತ್ತದೆ), ಸತ್ತ ಸುಣ್ಣದ ಜಲ್ಲಿ ತೆಗೆದು ಹೊಸದು ಬಡಿಯುವುದು, ನೀರಿನ ಕಂಡಿಯ ಕಡೆಗೆ ಐದಡಿಗೆ ಒಂದು ಇಂಚಿನಷ್ಟಾದರೂ ವಾಟ (ಇಳಿಜಾರು) ಕೊಡುವುದು, ಬಿಲ್ಲೆ ಕೂರಿಸಿ ಸುಣ್ಣದಲ್ಲೇ ಸಂದು ಹೊಡೆಯುವುದು. ಕೆಲಸ ನಿಧಾನ, ಕೂಲಿ ಹೆಚ್ಚು. ಆದರೆ ತಾರಸಿಯ ತೂಕ ಇಳಿಯುತ್ತದೆ.

ಜಂತಿ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಒಂದು ಏಣಿ, ಒಂದು ಸುತ್ತಿಗೆ, ಒಂದು ಉದ್ದನೆಯ ಸ್ಕ್ರೂಡ್ರೈವರ್, ಒಂದು ದಾರ. ಜಂತಿ ಹಾಳಾಗುವುದು ನಡುವಿನಲ್ಲಲ್ಲ, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ. ಅದರಲ್ಲೂ ನೀರಿನ ಕಂಡಿಯ ಕೆಳಗಿನ ಜಂತಿ, ಬಚ್ಚಲಿಗೆ ತಾಗಿದ ಗೋಡೆಯ ಜಂತಿ, ಮುಂಗಾರಿನ ಎರಚಲು ಬಡಿಯುವ ಪಡುವಣ ಗೋಡೆಯ ಜಂತಿ. ಗೋಡೆಯಿಂದ ಒಂದು ಗೇಣಿನೊಳಗೆ ಸುತ್ತಿಗೆಯಿಂದ ತಟ್ಟಿ. ಗಟ್ಟಿ ತೇಗ ಠಣ್ ಎನ್ನುತ್ತದೆ, ಟೊಳ್ಳಾದದ್ದು ದಬ್ ಎನ್ನುತ್ತದೆ. ಸ್ಕ್ರೂಡ್ರೈವರ್ ಒತ್ತಿದಾಗ ಒಂದು ಸೆಂಟಿಮೀಟರ್ ಸಲೀಸಾಗಿ ಇಳಿದು, ಕಾಫಿಪುಡಿಯಂಥ ಕಂದು ಹುಡಿ ಉದುರಿದರೆ ಆ ತುದಿ ಮುಗಿಯಿತು. ಬಿಳಿ ಎಮಲ್ಷನ್ ಬಳಿದ ಜಂತಿಯಾದರೆ ಬಣ್ಣದ ತೆಳು ಸಿಪ್ಪೆ ಮಾತ್ರ ಆಕಾರ ಹಿಡಿದು ನಿಂತಿರುತ್ತದೆ, ಬೆರಳಿಟ್ಟರೆ ಒಳಗೆ ಹೋಗುತ್ತದೆ. ಎರಡು ತುದಿಗೆ ದಾರ ಬಿಗಿದು ನಡುವಿನ ಜೋಲು ಅಳೆಯಿರಿ. ಹಳೆಯ ಮರ ಸ್ವಲ್ಪ ಬಾಗಿರುವುದು ಸಹಜ. ಹನ್ನೆರಡು ಅಡಿಯ ಜಂತಿ ಎರಡು ಸೆಂಟಿಮೀಟರಿಗಿಂತ ಹೆಚ್ಚು ಬಾಗಿದ್ದರೆ, ಅಥವಾ ಒಂದೇ ಸಾಲಿನಲ್ಲಿ ಒಂದು ಜಂತಿ ಮಾತ್ರ ಬೇರೆಯಾಗಿ ಜೋತಿದ್ದರೆ, ಎಂಜಿನಿಯರನ್ನು ಕರೆಸಬೇಕು.

ತುದಿ ಹೋದ ಜಂತಿಗಾಗಿ ಇಡೀ ತಾರಸಿ ಒಡೆಯಬೇಕಿಲ್ಲ. ಮೊದಲು ಗೋಡೆಯಿಂದ ಎರಡಡಿ ಈಚೆಗೆ ಕಬ್ಬಿಣದ ಜಾಕಿ ಕೊಟ್ಟು ಹೊರೆ ಇಳಿಸಿಕೊಳ್ಳಬೇಕು. ಕೆಳಗೆ ಇನ್ನೊಂದು ಅಂತಸ್ತು ಇದ್ದರೆ ಅಲ್ಲೂ ಅದೇ ನೇರಕ್ಕೆ ಜಾಕಿ ಬೇಕು. ಇಲ್ಲದಿದ್ದರೆ ಮೇಲಿನ ಕಷ್ಟವನ್ನು ಕೆಳಗಿನ ಮಾಳಿಗೆಗೆ ದಾಟಿಸಿದಂತೆ. ಕೊಳೆತಷ್ಟನ್ನು ಕತ್ತರಿಸಿ, ಗಟ್ಟಿ ಮರದ ಎರಡೂ ಬದಿಗೆ ನಾಲ್ಕು ಇಂಚಿನ ಉಕ್ಕಿನ ಚಾನೆಲ್ (ಸಿ ಆಕಾರದ ಪಟ್ಟಿ) ಹಿಡಿದು, 12 ಮಿಲಿಮೀಟರ್ ಬೋಲ್ಟುಗಳಿಂದ ಆರಪಾರ ಬಿಗಿಯಬೇಕು. ಗಟ್ಟಿ ಮರದ ಮೇಲೆ ಚಾನೆಲ್ ಎಷ್ಟು ದೂರ ಹಬ್ಬಬೇಕು, ಎಷ್ಟು ಬೋಲ್ಟು ಬೇಕು ಎಂಬುದು ಜಂತಿಯ ಉದ್ದ ನೋಡಿ ಎಂಜಿನಿಯರ್ ಹೇಳಬೇಕಾದ ಮಾತು. ಚಾನೆಲ್ಲಿನ ತುದಿ ಬರೀ ಇಟ್ಟಿಗೆಯ ಮೇಲೆ ಕೂರಬಾರದು, ಕೆಳಗೆ ಒಂದು ಹಾಸುಗಲ್ಲು ಬೇಕು. ಗೋಡೆಯ ಗೂಡಿನಲ್ಲಿ ತುದಿಯ ಸುತ್ತ ಅರ್ಧ ಇಂಚಿನಿಂದ ಮುಕ್ಕಾಲು ಇಂಚು ಸಂದು ಬಿಡಬೇಕು. ಈ ಸಂದನ್ನು ಚೊಕ್ಕವಾಗಿ ಕಾಣಲೆಂದು ಸಿಮೆಂಟಿನಿಂದ ಮುಚ್ಚುವುದೇ ಮರ ಮತ್ತೆ ಕೊಳೆಯಲು ಕಾರಣ. ಗಾಳಿ ಆಡಿದರೆ ತೇಗ ಒಣಗುತ್ತದೆ, ಒಣಗಿದ ತೇಗಕ್ಕೆ ಆಯುಸ್ಸು ಬಹಳ.

ಇದೇ ಕಾರಣಕ್ಕೆ ಜಿಪ್ಸಮ್ ಫಾಲ್ಸ್ ಸೀಲಿಂಗ್‌ಗೆ ನಮ್ಮ ಬಲವಾದ ವಿರೋಧವಿದೆ. ಅದರ ಕಂಬಿ ನೇತುಹಾಕಲು ಜಂತಿಗಳ ನಡುವಿನ ತೆಳು ಇಟ್ಟಿಗೆಗೆ ಡ್ರಿಲ್ ಹೊಡೆಯುತ್ತಾರೆ. ಅಂಚಿನ ಮೇಲೆ ನಿಂತ ಇಟ್ಟಿಗೆ ಒಂದನ್ನೊಂದು ಹಿಡಿದು ನಿಂತಿರುವುದರಿಂದ ಒಂದು ಸಡಿಲವಾದರೆ ಪಕ್ಕದ್ದೂ ಸಡಿಲ. ಅದಕ್ಕಿಂತ ದೊಡ್ಡ ಕೇಡು, ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಜಿಪ್ಸಮ್ ಮೇಲೆ ಹಳದಿ ಕಲೆ ಕಾಣುವ ಹೊತ್ತಿಗೆ ಮೇಲೆ ಎರಡು ಮಳೆಗಾಲ ಕಳೆದಿರುತ್ತದೆ. ಜಂತಿಯ ಸಾಲು ನೋಡಲು ಚೆಂದ, ಅದನ್ನು ತೆರೆದೇ ಇಡಿ. ಸದ್ದು ಕಡಿಮೆ ಮಾಡಬೇಕೆಂದರೆ ಗೋಡೆಗೆ ಬಟ್ಟೆಯ ಪ್ಯಾನೆಲ್ ಒರಗಿಸಬಹುದು, ನೆಲಕ್ಕೆ ಜಮಖಾನ ಹಾಸಬಹುದು.

ತೊಟ್ಟಿಯ ಮನೆಗಳಲ್ಲಿ ಗುತ್ತಿಗೆದಾರರ ಕಣ್ಣು ಮೊದಲು ಬೀಳುವುದು ತೊಟ್ಟಿಯ ಮೇಲೆ, ಅಂದರೆ ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳದ ಮೇಲೆ. ಮುಚ್ಚಿದರೆ ನೂರು ಚದರಡಿ ಸಿಕ್ಕಿತು ಎಂಬ ಲೆಕ್ಕ. ಪಾಲಿಕಾರ್ಬೊನೇಟ್ ಹಾಳೆಯನ್ನು ಸೂರಿನ ಹೆಂಚಿನ ಮೇಲೇ ಕೂರಿಸಿ ಸಿಲಿಕೋನ್ ಬಳಿದುಬಿಡುತ್ತಾರೆ. ಪಡಸಾಲೆಯ ಬಿಸಿಗಾಳಿ ಮೇಲೇರಿ ಹೋಗುತ್ತಿದ್ದದ್ದು ಅಲ್ಲಿಂದಲೇ, ತಂಪುಗಾಳಿ ಮುಂಬಾಗಿಲು, ಕಿಟಕಿಗಳಿಂದ ಒಳಬರುತ್ತಿದ್ದದ್ದು ಅದರ ಸೆಳೆತಕ್ಕೇ. ಮುಚ್ಚಿದ ಮೊದಲ ಬೇಸಿಗೆಯಲ್ಲೇ ಎ.ಸಿ. ಬರುತ್ತದೆ. ಮಳೆಯ ಲೆಕ್ಕವನ್ನೂ ಯಾರೂ ಹಾಕುವುದಿಲ್ಲ. ನಾಲ್ಕೂ ಕಡೆಯ ಸೂರಿನ ಇಳಿಜಾರು ಸೇರಿ ತೊಟ್ಟಿಗೆ ಬೀಳುವ ನೀರು ಸಾಮಾನ್ಯವಾಗಿ ಆರು ಮೀಟರ್ ಚೌಕದ್ದು. ಗಂಟೆಗೆ 50 ಮಿಲಿಮೀಟರ್ ಸುರಿದರೆ 1,800 ಲೀಟರ್. ಈ ನೀರಿಗೆ ತೊಟ್ಟಿಯ ಕಲ್ಲಿನ ತೂಬು ದಾರಿ ಕೊಡುತ್ತಿತ್ತು. ಹಾಳೆ ಬಂದ ಮೇಲೆ ಅಷ್ಟೂ ನೀರು ಹಾಳೆಯ ಅಂಚಿನ ತಗಡಿನ ದೋಣಿಗೆ (ಮಳೆನೀರು ಹರಿಯುವ ಕಾಲುವೆಗೆ) ಹೋಗಬೇಕು. ನಾಲ್ಕಿಂಚಿನ ದೋಣಿ ಉಕ್ಕಿದರೆ ನೀರು ಹೋಗುವುದು ಹಜಾರದ ಗೋಡೆಯ ತಲೆಗೆ.

ತೊಟ್ಟಿಯನ್ನು ಮುಚ್ಚಲೇಬೇಕಾದರೆ ಹಾಳೆ ಸೂರಿನಿಂದ ಎರಡರಿಂದ ಮೂರಡಿ ಎತ್ತರದಲ್ಲಿರಲಿ. ನಾಲ್ಕೂ ಬದಿ ತೆರೆದಿರಲಿ. ಎರಚಲು ತಡೆಯಲು ಅಂಚು ಎರಡಡಿ ಹೊರಚಾಚಿರಲಿ. ಅದರ ಕಾಲುಗಳು ತೊಟ್ಟಿಯ ಮೂಲೆಗಳಲ್ಲಿ ನೆಲಕ್ಕಿಳಿಯಲಿ, ಹಳೆಯ ಕಂಬದ ತಲೆಯ ಮೇಲಿನ ಬೋದಿಗೆಗಾಗಲೀ ಸೂರಿನ ಪಟ್ಟಿಗಾಗಲೀ ಒಂದು ಬೋಲ್ಟೂ ಬೀಳದಿರಲಿ. ತೂಬನ್ನು ಮುಚ್ಚಬೇಡಿ, ಹಾಳೆ ಯಾವತ್ತಾದರೂ ಸೋರಿಯೇ ಸೋರುತ್ತದೆ. ಹಕ್ಕಿ, ಇಲಿಗಳ ಕಾಟಕ್ಕೆ ತೆಳು ಜಾಲರಿ ಸಾಕು.

ಗೋಡೆಯ ವಿಷಯದಲ್ಲಿ ಒಂದೇ ಶತ್ರು, ಸಿಮೆಂಟು. ಮಣ್ಣಿನ ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ನೆಲದ ತೇವವನ್ನು ಹೀರುತ್ತದೆ, ಸುಣ್ಣದ ಮೈ ಮೂಲಕ ಆರಿಸಿಕೊಳ್ಳುತ್ತದೆ. ಇದಕ್ಕೆ ಸಿಮೆಂಟು ಗಾರೆ, ಮೇಲೆ ಪುಟ್ಟಿ, ಅದರ ಮೇಲೆ ಅಕ್ರಿಲಿಕ್ ಎಮಲ್ಷನ್ ಹಚ್ಚಿದರೆ ತೇವ ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲೇರುತ್ತದೆ. ಎರಡಡಿಯಲ್ಲಿದ್ದ ಕಲೆ ನಾಲ್ಕಡಿಗೆ ಬರುತ್ತದೆ, ಉಪ್ಪು ಹೂ ಬಿಟ್ಟು ಬಣ್ಣ ಹಪ್ಪಳದಂತೆ ಏಳುತ್ತದೆ. ವಾಟರ್‌ಪ್ರೂಫ್ ಬಣ್ಣ ಹಚ್ಚಿದವರು ಮರುವರ್ಷ ಮತ್ತೆ ಹಚ್ಚುತ್ತಾರೆ. ಮಾಡಬೇಕಾದ್ದು ಬೇರೆ. ತೇವದ ಕಲೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟು ಕಿತ್ತು, ಸಂದುಗಳ ಸತ್ತ ಗಾರೆ ಕೆದಕಿ, ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ (ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ), ಒಂದು ಬೇಸಿಗೆ ಒಣಗಲು ಬಿಡಬೇಕು. ಆಮೇಲೆ ಚೆನ್ನಾಗಿ ಅರಳಿಸಿ ವಾರಗಟ್ಟಲೆ ನೀರಲ್ಲಿ ಇಟ್ಟ ಸುಣ್ಣದ ಒಂದು ಭಾಗಕ್ಕೆ ಮೂರು ಭಾಗ ಜರಡಿ ಹಿಡಿದ ಮರಳು ಬೆರೆಸಿ, ಒಂದೊಂದು ಸಲಕ್ಕೆ ಅರ್ಧ ಇಂಚು ಮೀರದಂತೆ ಎರಡು ಪದರ ಹಚ್ಚಬೇಕು. ತೇವ ಹೆಚ್ಚಿರುವಲ್ಲಿ ಮರಳಿನ ಒಂದು ಪಾಲಿನ ಬದಲು ಇಟ್ಟಿಗೆ ಪುಡಿ ಸೇರಿಸಿದರೆ ಬೇಗ ಬಿಗಿಯುತ್ತದೆ. ಸುಣ್ಣ ಅರಳಿಸುವಾಗ ಯಾವತ್ತೂ ನೀರಿಗೆ ಸುಣ್ಣದ ಕಲ್ಲು ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಕೊತಕೊತ ಕುದಿದು ಸಿಡಿದು ಕಣ್ಣು ಹೋದ ಪ್ರಕರಣಗಳಿವೆ. ಕನ್ನಡಕ, ಕೈಗವಸು ಕಡ್ಡಾಯ.

ವೈರಿಂಗ್‌ಗೆ ಗೋಡೆ ಕೊರೆಯುವ ಚಾಳಿಯೂ ಹೆಚ್ಚಾಗಿದೆ. ಇಟ್ಟಿಗೆ ಗೋಡೆಯಲ್ಲಿ ನಿಲುವಿನ ಕೊರೆತ ಗೋಡೆಯ ದಪ್ಪದ ಮೂರನೇ ಒಂದು ಭಾಗ, ಅಡ್ಡ ಕೊರೆತ ಆರನೇ ಒಂದು ಭಾಗ ಮೀರಬಾರದೆಂದು ಭಾರತೀಯ ಮಾನಕ 1905 ಹೇಳುತ್ತದೆ. ಒಂಬತ್ತಿಂಚಿನ ಗೋಡೆಗೆ ಅಡ್ಡ ಕೊರೆತ ಒಂದೂವರೆ ಇಂಚು, ಅಷ್ಟೆ. ಕಟಿಂಗ್ ಮೆಷಿನ್ ಹಿಡಿದವರು ಮೂರಿಂಚು ಕೊರೆದು, ಕೋಣೆಯ ಉದ್ದಕ್ಕೂ ಗೋಡೆಯನ್ನು ಸೊಂಟದೆತ್ತರದಲ್ಲಿ ಸೀಳುತ್ತಾರೆ. ಹಳೆಯ ಮನೆಯಲ್ಲಿ ಪೈಪು ಹೊರಗೇ ಓಡಲಿ. ಕಪ್ಪು ಬಣ್ಣದ ಲೋಹದ ಕಾಂಡ್ಯುಯಿಟ್ ಜಂತಿಯ ಪಕ್ಕದಲ್ಲಿ ನೇರವಾಗಿ ಹೋದರೆ ಕಣ್ಣಿಗೆ ಕುಕ್ಕುವುದಿಲ್ಲ, ನಾಳೆ ಬದಲಿಸುವುದೂ ಸುಲಭ. ನೆಲದಲ್ಲಿ ಪ್ಲಗ್ ಪೆಟ್ಟಿಗೆ ಕೂರಿಸಲು ಕೆಂಪು ರೆಡ್ ಆಕ್ಸೈಡ್ ನೆಲವನ್ನು ಒಡೆದರೆ ಅದನ್ನು ಸರಿಮಾಡುವವರಿಲ್ಲ. ಮೇಲಿನ ಬಣ್ಣದ ಪದರ ಕೆಲವೇ ಮಿಲಿಮೀಟರ್, ಹೊಸ ತೇಪೆಯ ಕೆಂಪು ಹಳೆಯದಕ್ಕೆ ಎಂದೂ ಕೂಡುವುದಿಲ್ಲ. ಅದರ ಮೇಲೆ ಅಂಟು ಬಳಿದು ವಿಟ್ರಿಫೈಡ್ ಟೈಲ್ಸ್ ಹಾಕುವವರಿಗೆ ಏನು ಹೇಳಬೇಕೋ ತಿಳಿಯದು. ಆ ನೆಲಕ್ಕೆ ಆ್ಯಸಿಡ್ ತಾಗಿಸದೆ ಬರೀ ನೀರಿನಲ್ಲಿ ಒರೆಸಿ, ಆಗಾಗ ಬಟ್ಟೆಗೆ ಚೂರು ಕೊಬ್ಬರಿ ಎಣ್ಣೆ ಮುಟ್ಟಿಸಿ ಉಜ್ಜಿದರೆ ಹೊಳಪು ವಾಪಸು ಬರುತ್ತದೆ.

ಎ.ಸಿ. ಬೇಕೇ ಬೇಕು ಎನ್ನುವವರು ಹೊರಗಿನ ಯಂತ್ರವನ್ನು ನೆಲದ ಮೇಲೆ ಇಡಲಿ. 35, 40 ಕಿಲೋದ ಯಂತ್ರ ಸದಾ ನಡುಗುತ್ತಾ ಮಣ್ಣುಗಾರೆಯ ಗೋಡೆಗೆ ನೇತಾಡಿದರೆ ಬೋಲ್ಟು ಸಡಿಲವಾಗದೆ ಇರುವುದಿಲ್ಲ. ಒಳಗಿನ ಯಂತ್ರ ಮಳೆಗಾಲದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ಬಿಡುತ್ತದೆ. ಅದರ ಕೊಳವೆಯನ್ನು ಮೋರಿಯವರೆಗೆ ಒಯ್ಯದೆ ಗೋಡೆಯ ಹೊರಗೆ ಬಿಟ್ಟುಬಿಟ್ಟರೆ ಹಸಿರು ಪಾಚಿಯ ಪಟ್ಟೆ ಕಟ್ಟಿ, ಅದೇ ಜಾಗದಲ್ಲಿ ಜಂತಿಯ ತುದಿ ಕೊಳೆಯುತ್ತದೆ. ಮಂಗಳೂರು ಹೆಂಚಿನ ಮಾಡಿನ ಮೇಲೆ ಎ.ಸಿ. ಮೆಕ್ಯಾನಿಕ್, ಕೇಬಲ್ ಹುಡುಗರು ನಡೆದಾಡದಂತೆ ಒಂದು ಹಲಗೆಯ ಏಣಿಯನ್ನು ಅಲ್ಲೇ ಇಡಬೇಕು. ಒಡೆದ ಒಂದು ಹೆಂಚಿನ ನೀರು ಹತ್ತಡಿ ದೂರದಲ್ಲಿ ತೊಟ್ಟಿಕ್ಕುತ್ತದೆ, ಹುಡುಕುವುದು ಕಷ್ಟ. ಹೆಂಚು ಬದಲಿಸುವಾಗ ಅದೇ ಅಚ್ಚಿನದು ಬೇಕು, ಬೇರೆ ಕಾರ್ಖಾನೆಯ ಹೆಂಚಿನ ಕಚ್ಚು ಕೂರುವುದಿಲ್ಲ. ಬೇರೆಡೆ ಕೆಡವಿದ ಮನೆಗಳಿಂದ ಐವತ್ತು, ಅರವತ್ತು ಹೆಂಚು ತಂದು ಹಿತ್ತಲಲ್ಲಿ ಜೋಡಿಸಿಟ್ಟುಕೊಳ್ಳಿ.

ಶೌಚಾಲಯಗಳನ್ನು ಹಳೆಯ ಬಚ್ಚಲಿನ ಬದಿಯಲ್ಲೇ, ನೆಲಮಟ್ಟದಲ್ಲೇ ಹೆಚ್ಚಿಸಿ. ಮರದ ಜಂತಿಯ ಮೇಲೆ ಶೌಚಾಲಯ ಕಟ್ಟುವುದು ಬೇಡ. ಮಾಳಿಗೆಯ ಮೆಟ್ಟಿಲು ಎರಡೂವರೆ ಅಡಿ ಅಗಲದ್ದು, ಅದೂ ಮರದ್ದು, ದಾರಿ ಅದೊಂದೇ. ಬೆಂಕಿ ಬಿದ್ದರೆ ಅಷ್ಟೂ ಜನ ಅದರಲ್ಲೇ ಇಳಿಯಬೇಕು. ಕಚೇರಿಗಳಿಗೆ ಒಬ್ಬರಿಗೆ ಹತ್ತು ಚದರ ಮೀಟರ್ ಎಂಬ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕವನ್ನು ಮೀರಿ ಮಾಳಿಗೆಗೆ ಕುರ್ಚಿ ತುಂಬಬೇಡಿ. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ಗಾಲಿಕುರ್ಚಿಯ ಇಳಿಜಾರಿಗೆ ಹದಿನೆಂಟು ಅಡಿ ಉದ್ದ ಬೇಕು. ಕಲ್ಲಿನ ಜಗಲಿ ಕಡಿಯದೆ ಪಕ್ಕದ ಓಣಿಯಿಂದ ಬಿಚ್ಚಿಡಬಹುದಾದ ಕಬ್ಬಿಣದ ಇಳಿಜಾರು ಮಾಡಿಸಬಹುದು.

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟಿನಲ್ಲಿ. ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದು 2016ರ ಆಗಸ್ಟಿನಲ್ಲಿ. ಎರಡೂ ಮಳೆಗಾಲವೇ. ಅವು ಸಾರ್ವಜನಿಕ ಕಟ್ಟಡಗಳಾದ್ದರಿಂದ ಸುದ್ದಿಯಾದವು. ಮನೆಯೊಂದರ ಮಾಳಿಗೆ ಕುಸಿದರೆ ಮರುವಾರ ಜೆಸಿಬಿ ಬರುತ್ತದೆ, ಆ ಜಾಗದಲ್ಲಿ ನಾಲ್ಕಂತಸ್ತು ಏಳುತ್ತದೆ.

ನಮ್ಮ ಕೋರಿಕೆ ಇಷ್ಟೆ. ಹೆಂಚಿನ ಅಥವಾ ಮದ್ರಾಸ್ ತಾರಸಿಯ ಮನೆಯಲ್ಲಿ ಕಚೇರಿಗೆ ಪರವಾನಗಿ ಕೇಳಿದವರಿಂದ ನಗರ ಪಾಲಿಕೆಗಳು ಜಂತಿ, ಗೋಡೆಗಳನ್ನು ನೋಡಿದ ಎಂಜಿನಿಯರ್ ವರದಿಯನ್ನು ಪಡೆಯಬೇಕು. ಯಾವ ಕೋಣೆಯಲ್ಲಿ ಎಷ್ಟು ಹೊರೆ ಇಡಬಹುದು ಎಂಬ ಒಂದು ಪುಟದ ನಕ್ಷೆ ಅದರಲ್ಲಿರಲಿ, ಅದನ್ನು ಕಚೇರಿಯ ಗೋಡೆಗೆ ಹಾಕಲಿ. ಮನೆಯ ಮಾಲೀಕರು ಅಲ್ಲಿಯವರೆಗೆ ಕಾಯಬೇಕಿಲ್ಲ. ಬಾಡಿಗೆ ಕರಾರಿನಲ್ಲೇ ನಾಲ್ಕು ಸಾಲು ಬರೆಸಿಕೊಳ್ಳಬಹುದು: ಗೋಡೆ ಒಡೆಯುವುದಕ್ಕೂ ನೆಲ ಕೊರೆಯುವುದಕ್ಕೂ ಲಿಖಿತ ಒಪ್ಪಿಗೆ ಬೇಕು, ತಾರಸಿಯ ಮೇಲೆ ಟ್ಯಾಂಕು ಕೂಡದು, ಸಿಮೆಂಟು ಗಾರೆ ಕೂಡದು, ಮೇ ತಿಂಗಳ ಕೊನೆಯೊಳಗೆ ಮತ್ತು ದಸರೆಗೆ ಮುಂಚೆ ಒಂದೊಂದು ಸಲ ನೀರಿನ ಕಂಡಿ, ದೋಣಿ, ತೂಬು ತೆರವು ಮಾಡಿಸಿ ಫೋಟೊ ಕಳಿಸಬೇಕು. ಈ ತೆರವಿನ ಕೂಲಿ ಇಬ್ಬರು ಆಳುಗಳ ಅರ್ಧ ದಿನದ್ದು. ಅದನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಮಾಲೀಕರು ಒಪ್ಪಿದರೆ ಬಾಡಿಗೆದಾರರು ತಪ್ಪದೆ ಮಾಡಿಸುತ್ತಾರೆ.

ಇಂತಿ,
ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ತೊಡಗಿರುವ ಎಂಜಿನಿಯರುಗಳು ಮತ್ತು ಗಾರೆ ಮೇಸ್ತ್ರಿಗಳು
ಬಸವನಗುಡಿ, ಬೆಂಗಳೂರು